ಕಣಜವೂ ನಂಬಿಕೆಯೂ

ಲೂಕನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಒಬ್ಬ ಧನಿಕನ ದೃಷ್ಟಾಂತಕಥೆ ಬರುತ್ತದೆ. ಆ ವರ್ಷ ಅವನ ಭೂಮಿ ಸಮೃದ್ಧಿಯಾಗಿ ಬೆಳೆಯಿತು. ಬಂದ ಫಸಲನ್ನು ತುಂಬಿಡಲು ಎಡೆ ಸಾಲದಾಗಲಾಗಿ, ಇರುವ ಕಣಜಗಳನ್ನು ಕೆಡವಿಸಿ ಅವಕ್ಕಿಂತ ದೊಡ್ಡವನ್ನು ಕಟ್ಟಿಸಬೇಕೆಂದೂ, ಬಹು ವರ್ಷಗಳಿಗೆ ಸಾಲುವಷ್ಟು ಕೂಡಿಬಂದಿರುವುದರಿಂದ ಇನ್ನು ನಿಶ್ಚಿಂತೆಯಾಗಿ ಉಂಡು ಕುಡಿದು ಸುಖದಲ್ಲಿರಬಹುದೆಂದೂ ಅವನು ತನ್ನೊಳಗೆ ತಾನೇ ಆಡಿಕೊಂಡನು. ಆ ರಾತ್ರಿಯೇ ಅವನ ಆಯುಸ್ಸು ಮುಗಿಯಿತು. ಇದಾದ ಕೂಡಲೇ, ಬಿತ್ತದೆ ಕೊಯ್ಯದೆ ಕಣಜವಿಲ್ಲದೆಯೂ ದೇವರ ದಯೆಯಿಂದ ಬದುಕುವ ಕಾಗೆಗಳ ಮಾತು ಬರುತ್ತದೆ. ಕಣಜವನ್ನು ಕುರಿತು ಇಷ್ಟು ಕಠೋರವಾದ ಬೋಧೆ ಬೇರೊಂದು ಧರ್ಮಗ್ರಂಥದಲ್ಲಿ ಇರಲಾರದು. ಹೀಗಿದ್ದರೂ ಆ ಸುವಾರ್ತೆಯನ್ನು ಅಕ್ಷರಶಃ ನಂಬಿದ ಜನರೇ, ಸೈನ್ಯಕ್ಕೆ ಸೇರೆವು, ಪ್ರಮಾಣವಚನ ಹೇಳೆವು, ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆ ತೋರುವೆವು ಎಂದು ಹಟಹಿಡಿದು ಅದಕ್ಕಾಗಿ ಸೆರೆಮನೆಗೂ ಚಿತೆಗೂ ಹೋದ ಜನರ ಸಂತತಿಯವರೇ, ಲೋಕದಲ್ಲಿ ಅತ್ಯಂತ ಭವ್ಯವಾದ ಕಣಜಗಳನ್ನು ಕಟ್ಟಿದವರ ಸಾಲಿಗೆ ಸೇರಿದ್ದಾರೆ. ಇದು ಆಚಾರವಿಚಾರಗಳ ನಡುವಣ ಒಂದು ಸಾಮಾನ್ಯ ವಿರೋಧವೋ, ಅಥವಾ ಆ ಒಕ್ಕಲು ಜನಕ್ಕೆ ಆ ಕಥೆಯಲ್ಲಿ ನಮಗೆ ಕಾಣದ ಅರ್ಥವೊಂದು ಕಂಡಿತ್ತೋ ಎಂಬುದು ವಿಚಾರ ಮಾಡತಕ್ಕ ವಿಷಯ.

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಆಗ್ನೇಯ ಭಾಗದಲ್ಲಿ, ಲ್ಯಾಂಕಾಸ್ಟರ್, ಬರ್ಕ್ಸ್ ಮೊದಲಾದ ಜಿಲ್ಲೆಗಳಲ್ಲಿ, ಹದಿನೆಂಟನೆಯ ಶತಮಾನದಿಂದೀಚೆಗೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳಿಂದ ಬಂದು ನೆಲಸಿದ ರೈತರು (ಮೇಲೆ ಹೇಳಿದ ಸಂತತಿಯ ಅಮಿಶ್, ಮೆನ್ನೊನೈಟ್ ಪಂಗಡದವರೂ ಅವರಲ್ಲಿ ಸೇರಿದ್ದರು) ಕಟ್ಟಿದ ಇಂಥ ಕಣಜಗಳು ಇಂದಿಗೂ ನೂರಾರು ನಿಂತಿವೆ. ಅಮೆರಿಕದ ಎಷ್ಟೋ ಗ್ರಾಮಾಂತರ ಪ್ರದೇಶಗಳಲ್ಲಿ, ಫಸಲು ಒಳಸೇರಿದ ಮೇಲೆ ಶರತ್ಕಾಲದಲ್ಲಿ, ಊರಿನ ಇತಿಹಾಸಾಸಕ್ತರು ಒಂದು ದಿನವನ್ನು ಗೊತ್ತುಮಾಡಿ, ಒಕ್ಕಲಿನಿಂದ ಒಕ್ಕಲಿಗೆ ಜನರನ್ನು ಕರೆದೊಯ್ದು ಹಳೆಯ ಕಣಜಗಳನ್ನು ತೋರಿಸುವ ವಾಡಿಕೆಯಿದೆ. ನಮ್ಮಲ್ಲಿ ಜನ ಗುಡಿಯಿಂದ ಗುಡಿಗೆ ಹೋಗುವಂತೆ ಅಲ್ಲಿ ಕಣಜದಿಂದ ಕಣಜಕ್ಕೆ ಹೋಗುತ್ತಾರೆ. ತಲೆಯೆತ್ತಿ ತೊಲೆಗಳನ್ನು ನೋಡುತ್ತಾರೆ. ಮಾತು ತಾನಾಗಿ ತಗ್ಗುತ್ತದೆ. ಧಾನ್ಯ ತುಂಬುವ ಮನೆಯ ಮುಂದೆ ಮನುಷ್ಯನಿಗೆ ಹುಟ್ಟುವ ಈ ಗೌರವವನ್ನು ಬರಿಯ ಪುರಾತನವಸ್ತುಪ್ರೀತಿಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಈ ಕಟ್ಟಡವನ್ನು ಕಣಜವೆಂದು ಕರೆದರೂ ಅದು ನಮ್ಮ ಬಿದಿರಿನ ಕಣಜದಂತಾಗಲಿ ಉತ್ತರ ಕರ್ನಾಟಕದ ನೆಲದೊಳಗಿನ ಹಗೇವಿನಂತಾಗಲಿ ಧಾನ್ಯಕ್ಕೆ ಮಾತ್ರ ಮೀಸಲಾದುದಲ್ಲ. ಕೊಟ್ಟಿಗೆ, ಕಣ, ಹುಲ್ಲಟ್ಟ, ಉಗ್ರಾಣ ಇವೆಲ್ಲ ಅಲ್ಲಿ ಒಂದೇ ಸೂರಿನ ಕೆಳಗೆ ಕೂಡಿವೆ. ಇಳಿಜಾರು ನೆಲವನ್ನು ಆರಿಸಿ, ದಿಬ್ಬಕ್ಕೆ ಬೆನ್ನುಕೊಟ್ಟಂತೆ ಎರಡು ಅಂತಸ್ತು ಕಟ್ಟುತ್ತಾರೆ. ಕಲ್ಲುಗೋಡೆಯ ಕೆಳಅಂತಸ್ತಿನಲ್ಲಿ ದನ ಕುದುರೆಗಳು. ದಿಬ್ಬದ ಕಡೆಯಿಂದ ತುಂಬಿದ ಬಂಡಿ ನೇರವಾಗಿ ಮೇಲಂತಸ್ತಿಗೇ ಬರಬಲ್ಲುದು. ಅಲ್ಲಿ ನಡುವೆ ಹಲಗೆ ಹಾಸಿದ ಕಣ, ಎರಡು ಪಕ್ಕಗಳಲ್ಲಿ ಸೂರಿನವರೆಗೂ ಒಟ್ಟಿದ ಹುಲ್ಲು. ಬಿಸಿಲು ಬೀಳುವ ದಕ್ಷಿಣದ ಕಡೆಗೆ ಮೇಲಂತಸ್ತು ಕೆಳಗಿನ ಗೋಡೆಯನ್ನು ಮೀರಿ ಮುಂದಕ್ಕೆ ಚಾಚಿಕೊಂಡು, ಅಂಗಳದಲ್ಲಿ ನಿಂತ ಪಶುಗಳಿಗೆ ಹಿಮಮಳೆಗಳಿಂದ ಆಸರೆಯಾಗುತ್ತದೆ. ಧಾನ್ಯದ ಪೆಟ್ಟಿಗೆಗಳು ಸಾಮಾನ್ಯವಾಗಿ ಈ ಚಾಚಿನಲ್ಲೇ ಇರುತ್ತವೆ. ಹುಲ್ಲು ಮೇಲಿನಿಂದ ಕೆಳಕ್ಕೆ ತಾನಾಗಿ ಬೀಳುತ್ತದೆ. ಗೊಬ್ಬರ ಕೆಳಗಿನಿಂದ ಅಂಗಳಕ್ಕೂ ಅಂಗಳದಿಂದ ಹೊಲಕ್ಕೂ ಹೋಗುತ್ತದೆ. ಹೊಲದಿಂದ ಮರುವರ್ಷ ಬಂಡಿ ಮತ್ತೆ ದಿಬ್ಬವನ್ನೇರಿ ಬರುತ್ತದೆ. ಈ ಮಾದರಿಯ ಮೂಲವು ಸ್ವಿಟ್ಜರ್ಲೆಂಡಿನ ಪ್ರೆಟಿಗಾವ್ ಎಂಬ ಬೆಟ್ಟದ ಕಣಿವೆಯಲ್ಲಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ.

ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ವೈದ್ಯ ಬೆಂಜಮಿನ್ ರಷ್ ೧೭೮೯ರಲ್ಲಿ ಈ ಜರ್ಮನ್ ಒಕ್ಕಲುಗಳ ನಡೆವಳಿಕೆಯನ್ನು ಕುರಿತು ಬರೆದ ಒಂದು ಲೇಖನದಲ್ಲಿ, ಅವರು ತಮ್ಮ ವಾಸಕ್ಕೆ ಮನೆ ಕಟ್ಟಿಕೊಳ್ಳಲು ಹಣ ವೆಚ್ಚಮಾಡುವುದಕ್ಕೆ ಮೊದಲೇ ದನಕುದುರೆಗಳಿಗೆ ವಿಶಾಲವಾದ ವಸತಿಯನ್ನು ಏರ್ಪಡಿಸುತ್ತಾರೆಂದು ಮೆಚ್ಚಿ ಹೇಳಿದ್ದಾನೆ. ತಾನು ಮರದ ದಿಮ್ಮಿಗಳ ಗುಡಿಸಲಿನಲ್ಲಿದ್ದುಕೊಂಡು ಪಶುಗಳಿಗೆ ಕಲ್ಲಿನ ಮನೆ ಕಟ್ಟುವ ಮನುಷ್ಯನನ್ನು, ದೃಷ್ಟಾಂತದ ಧನಿಕನೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಆ ಧನಿಕನ ಮಾತನ್ನು ಮತ್ತೊಮ್ಮೆ ಓದಿದರೆ, ಅದರಲ್ಲಿ ನಾನು ನನ್ನದು ಎಂಬುದರ ಹೊರತು ಬೇರೆ ಯಾವ ಜೀವದ ಸುಳಿವೂ ಇಲ್ಲ: ಹೆಂಡತಿಯಿಲ್ಲ, ಆಳುಗಳಿಲ್ಲ, ನೆರೆಯವರಿಲ್ಲ, ಎತ್ತೂ ಇಲ್ಲ. ಕಣಜ ಎಷ್ಟು ದೊಡ್ಡದಾಗಿರಬೇಕೆಂಬುದನ್ನು ಅವನು ತನ್ನೊಬ್ಬನನ್ನೇ ಕೇಳಿ ತೀರ್ಮಾನಿಸಿದನು. ಇದೇ ಲೂಕನು ತನ್ನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಹಸುಗೂಸಾದ ಯೇಸುವನ್ನು ಪಶುಗಳ ಗೋದಲಿಯಲ್ಲಿ ಮಲಗಿಸಿದ್ದಾನೆಂಬುದನ್ನೂ ಇಲ್ಲಿ ನೆನೆಯುವುದು ಉಚಿತ. ಗೋದಲಿಯಿದ್ದ ಕಡೆ ಹುಲ್ಲಿನ ಸಂಗ್ರಹವೂ ಇದ್ದಿರಲೇಬೇಕಷ್ಟೆ. ಹುಲ್ಲನ್ನು ಒಣಗಿಸಿ ಕೂಡಿಟ್ಟವನ ದೂರದೃಷ್ಟಿಯೇ ಅಂದು ಆ ಮಗುವಿಗೆ ಹಾಸಿಗೆಯಾಯಿತೆಂದು ನಾವು ಊಹಿಸಿದರೆ ಅದು ಅಪಚಾರವಾಗಲಾರದು.

ಸಂಗ್ರಹದ ವಿಷಯದಲ್ಲಿ ಬೈಬಲ್ಲಿನ ಮಾತು ಒಂದೇ ಮುಖದ್ದಲ್ಲ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಸುರಿದ ಮನ್ನವನ್ನು ಮರುದಿನಕ್ಕೆಂದು ಎತ್ತಿಟ್ಟವರ ಪಾತ್ರೆಯಲ್ಲಿ ಅದು ಹುಳುಬಿದ್ದು ನಾರಿತು. ಆದರೆ ಸಬ್ಬತ್ ದಿನದ ವಿಶ್ರಾಂತಿಗೋಸ್ಕರ ಆರನೆಯ ದಿನ ಎರಡರಷ್ಟು ಕೂಡಿಸಿ ಇಟ್ಟುಕೊಂಡದ್ದು ಕೆಡದೆ ಉಳಿಯಿತು. ಅಂದಮೇಲೆ ಇಡುವುದೇ ದೋಷವಲ್ಲ, ಏತಕ್ಕಾಗಿ ಇಡುವುದೆಂಬುದರಲ್ಲಿ ದೋಷವಿದೆ. ಯೋಸೇಫನ ಕಥೆ ಇದಕ್ಕಿಂತಲೂ ಗಹನವಾದುದು. ಐಗುಪ್ತ ದೇಶದಲ್ಲಿ ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಕ್ಷಾಮವೆಂದು ರಾಜನ ಕನಸಿನ ಅರ್ಥವನ್ನು ಬಿಡಿಸಿದ ಆತನು, ಬೆಳೆಯ ಐದನೆಯ ಒಂದು ಪಾಲನ್ನು ಊರೂರಿನ ಉಗ್ರಾಣಗಳಲ್ಲಿ ತುಂಬಿಸಿ ಬಹುಜನರ ಪ್ರಾಣವನ್ನು ಉಳಿಸಿದನು. ಕಥೆಯನ್ನು ಅಲ್ಲಿಗೇ ನಿಲ್ಲಿಸುವವರು ಬಹುಮಂದಿ. ಆದಿಕಾಂಡದ ನಲವತ್ತೇಳನೆಯ ಅಧ್ಯಾಯದವರೆಗೆ ಓದುವವನಿಗೆ ಬೇರೊಂದು ಸಂಗತಿ ತಿಳಿಯುತ್ತದೆ. ಕ್ಷಾಮ ಮುಂದುವರಿದಂತೆ ಜನ ಧಾನ್ಯಕ್ಕಾಗಿ ಮೊದಲು ಹಣವನ್ನು ತೆತ್ತರು; ಹಣ ತೀರಿದ ಮೇಲೆ ದನಕರುಗಳನ್ನು ತಂದೊಪ್ಪಿಸಿದರು; ಅವೂ ತೀರಿದ ಮೇಲೆ ಹೊಲಗಳನ್ನೂ ಕೊನೆಗೆ ತಮ್ಮ ದೇಹಗಳನ್ನೂ ಫರೋಹನಿಗೆ ಮಾರಿಕೊಂಡರು. ಹಸಿದವರನ್ನು ಉಳಿಸಿದ ಉಗ್ರಾಣವೇ ಅವರನ್ನು ದಾಸರನ್ನಾಗಿಯೂ ಮಾಡಿತು. ಪವಿತ್ರಗ್ರಂಥದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಪ್ರಾಚೀನರ ಸತ್ಯನಿಷ್ಠೆಗೆ ನಾನು ತಲೆಬಾಗುತ್ತೇನೆ. ನಮ್ಮ ಕೌಟಿಲ್ಯನೂ ಕೋಷ್ಠಾಗಾರದ ಅಧ್ಯಕ್ಷನಿಗೆ, ಸಂಗ್ರಹದ ಅರ್ಧವನ್ನು ಜನಪದದ ಆಪತ್ತಿಗಾಗಿ ತೆಗೆದಿರಿಸಿ, ಹೊಸ ಧಾನ್ಯ ಬಂದಂತೆ ಹಳೆಯದನ್ನು ಬದಲಾಯಿಸುತ್ತಿರಬೇಕೆಂದು ವಿಧಿಸಿದ್ದಾನೆ. ವಿಧಿಯೇನೋ ಒಳ್ಳೆಯದು, ಬೀಗದ ಕೈ ಒಬ್ಬನ ಸೊಂಟದಲ್ಲೇ ಇರುವವರೆಗೆ ಯೋಸೇಫನ ಉಗ್ರಾಣದ ಭಯ ಅಲ್ಲಿಯೂ ತಪ್ಪಿದ್ದಲ್ಲ.

ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೇಯ ನಗರದಲ್ಲಿದ್ದ ಸಂತ ಬೆಸಿಲನು, ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟುವೆನೆಂಬ ಆ ಧನಿಕನ ಮಾತನ್ನೇ ಹಿಡಿದು ಒಂದು ಉಪದೇಶವನ್ನು ಮಾಡಿದ್ದಾನೆ. ನಿನಗೆ ಕಣಜಗಳು ಬೇಕಾದರೆ ಬಡವರ ಹೊಟ್ಟೆಗಳೇ ಕಣಜಗಳಾಗಿ ಸಿದ್ಧವಾಗಿವೆಯಲ್ಲ ಎಂಬುದು ಅವನ ಉತ್ತರದ ತಾತ್ಪರ್ಯ. ಕ್ಷಾಮವನ್ನು ಕಣ್ಣಾರೆ ಕಂಡವನ ಮಾತು ಅದು. ಅದರ ತೇಜಸ್ಸನ್ನು ಅಲ್ಲಗಳೆಯುವಂತಿಲ್ಲ. ಆದರೂ ರೈತನಾದವನು ಅದನ್ನು ಹೇಗೆ ಸ್ವೀಕರಿಸಬಲ್ಲನೆಂದು ಯೋಚಿಸಬೇಕಾಗುತ್ತದೆ. ಬಿತ್ತನೆಯ ಬೀಜವನ್ನು ಹಂಚಿಬಿಟ್ಟ ಒಕ್ಕಲಿಗನು ಈ ವರ್ಷದ ಹಸಿವಿಗೆ ಉಪಕಾರಮಾಡಿ ಮುಂದಿನ ವರ್ಷದ ಹಸಿವಿಗೆ ದ್ರೋಹ ಮಾಡಿದವನಾಗುತ್ತಾನೆ. ಸಂನ್ಯಾಸಿಯ ಅಪರಿಗ್ರಹವು ಎಲ್ಲೋ ಒಬ್ಬ ಗೃಹಸ್ಥನ ಕಣಜವನ್ನು ಆಧರಿಸಿಯೇ ನಡೆಯುವ ವ್ರತವೆಂಬುದನ್ನು ನಮ್ಮ ಸ್ಮೃತಿಕಾರರೂ ಬಲ್ಲರು. ಅದಕ್ಕೆಂದೇ ಗೃಹಸ್ಥಾಶ್ರಮವನ್ನು ಉಳಿದ ಮೂರು ಆಶ್ರಮಗಳಿಗೂ ಆಧಾರವೆಂದು ಅವರು ಕೊಂಡಾಡಿದರು.

ಸಂನ್ಯಾಸಿಗಳೇ ಕಣಜ ಕಟ್ಟಿದ ಉದಾಹರಣೆಯೂ ಉಂಟು. ಇಂಗ್ಲೆಂಡಿನ ಗ್ರೇಟ್ ಕಾಕ್ಸ್‌ವೆಲ್ ಎಂಬ ಹಳ್ಳಿಯಲ್ಲಿ, ಬ್ಯೂಲೀ ಮಠಕ್ಕೆ ಸೇರಿದ ಸಿಸ್ಟರ್ಷಿಯನ್ ಪಂಥದ ಯತಿಗಳು ಸುಮಾರು ೧೨೯೨ರಲ್ಲಿ ಕಟ್ಟಿಸಿದ ಕಲ್ಲಿನ ಕಣಜವಿದೆ. ಅದರ ಉದ್ದ ನೂರೈವತ್ತು ಅಡಿಗೂ ಮೀರಿದ್ದು. ಕಲ್ಲಿನ ಪೀಠಗಳ ಮೇಲೆ ನಿಂತ ಎತ್ತರವಾದ ಓಕ್ ಕಂಬಗಳ ಎರಡು ಸಾಲುಗಳು ಅದರ ಚಾವಣಿಯನ್ನು ಹೊತ್ತಿವೆ. ನಡುವೆ ಅಗಲವಾದ ಅಂಕಣ, ಪಕ್ಕಗಳಲ್ಲಿ ಕಿರಿಯ ಅಂಕಣಗಳು. ಅದು ಆ ಕಾಲದ ದೇವಾಲಯದ ವಿನ್ಯಾಸವೇ ಹೌದು. ಸಮೀಪದ ಕೆಲ್ಮ್‌ಸ್ಕಾಟಿನಲ್ಲಿ ವಾಸವಾಗಿದ್ದ ಕವಿ, ಕಲಾವಿದ ವಿಲಿಯಂ ಮೊರಿಸ್ ತನ್ನ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದು ತೋರಿಸುತ್ತಿದ್ದನು. ಮಹಾದೇವಾಲಯದ ಘನತೆಗೆ ಅದು ಕಡಮೆಯಲ್ಲವೆಂದು ಅವನ ಅಭಿಪ್ರಾಯ. ಆ ಸೌಂದರ್ಯವನ್ನು ಒಪ್ಪಿಕೊಂಡೇ ಕೇಳಬೇಕು: ಅಲ್ಲಿ ತುಂಬಿದ ಗೋಧಿ ಯಾರ ಬೆವರು? ಮಠದ ಸ್ವಂತ ಹೊಲಗಳ ಬೆಳೆಯನ್ನು ಇಡುವ ಇಂಥ ಕಣಜಗಳ ಜೊತೆಗೆ, ಊರವರಿಂದ ಬೆಳೆಯ ಹತ್ತನೆಯ ಒಂದು ಪಾಲನ್ನು ಎತ್ತಿ ತುಂಬುವ ದಶಮಾಂಶದ ಕಣಜಗಳೂ ಇಂಗ್ಲೆಂಡಿನಲ್ಲಿ ಅನೇಕವಿದ್ದವು. ದೇವರ ಪಾಲೆಂದು ಆರಂಭವಾದದ್ದು ಶತಮಾನಗಳು ಕಳೆದಂತೆ ಬರಿಯ ತೆರಿಗೆಯಾಗಿ, ಅದನ್ನು ತೆರುವವನ ಮನಸ್ಸಿನಲ್ಲಿ ದೇವರ ಬದಲು ಕಹಿಯೇ ಉಳಿದು, ಕೊನೆಗೆ ೧೮೩೬ರ ಶಾಸನದಿಂದ ಧಾನ್ಯದ ಪಾಲು ಹಣದ ರೂಪಕ್ಕೆ ತಿರುಗಿತು.

ನಮ್ಮ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಶಿಪೂಜೆಯಾದ ಮೇಲೆ, ಧಾನ್ಯ ಮನೆ ಸೇರುವುದಕ್ಕೆ ಮುಂಚೆ, ಕಣದಲ್ಲಿಯೇ ಬಡಗಿ, ಕಮ್ಮಾರ, ಅಗಸ, ತಳವಾರ, ನೀರಗಂಟಿ ಮೊದಲಾದ ಆಯಗಾರರಿಗೆ ಅವರವರ ಪಾಲನ್ನು ಕೊಳಗದಿಂದ ಅಳೆದುಕೊಡುತ್ತಿದ್ದ ಪದ್ಧತಿಯನ್ನು ಹಿರಿಯರು ಬಲ್ಲರು. ಆ ಪಾಲುಗಳಲ್ಲಿ ಸಮತೆಯಿರಲಿಲ್ಲವೆಂಬುದೂ, ತಳದಲ್ಲಿದ್ದವರ ಪಾಲಿಗೆ ಬಂದದ್ದು ಅಲ್ಪವೆಂಬುದೂ ಸತ್ಯ. ಅದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ. ಆದರೂ ನೇಗಿಲು ಮಾಡಿಕೊಟ್ಟವನ ಕಣ್ಣೆದುರಿಗೇ ರಾಶಿಯನ್ನು ಅಳೆಯಬೇಕಾಗಿದ್ದುದರಿಂದ, ಇಡೀ ರಾಶಿ ನನ್ನದೆಂದು ತನ್ನೊಳಗೆ ಹೇಳಿಕೊಳ್ಳುವ ಅವಕಾಶ ರೈತನಿಗೆ ಇರಲಿಲ್ಲ.

ಪೆನ್ಸಿಲ್ವೇನಿಯಾದ ಕಣಜಕ್ಕೆ ಹಿಂದಿರುಗೋಣ. ಅದರೊಳಗೆ ನಿಂತು ಮೇಲೆ ನೋಡಿದರೆ, ಒಂದಡಿ ದಪ್ಪದ ತೊಲೆಗಳು ಕಬ್ಬಿಣದ ಮೊಳೆಯ ಹಂಗಿಲ್ಲದೆ, ಕಂಡಿಗೆ ಕೂರಿಸಿದ ನಾಲಗೆಯಿಂದಲೂ ಮರದ ಬೆಣೆಗಳಿಂದಲೂ ಒಂದನ್ನೊಂದು ಹಿಡಿದು ನಿಂತಿರುತ್ತವೆ. ಕೂಡುವೆಡೆಗಳಲ್ಲಿ ಬಡಗಿಗಳು ಉಳಿಯಿಂದ ಕೊರೆದ ರೋಮನ್ ಅಂಕಿಗಳು ಇನ್ನೂ ಕಾಣುತ್ತವೆ; ನೆಲದ ಮೇಲೆ ಹೊಂದಿಸಿ ನೋಡಿ, ಬಿಚ್ಚಿ, ಎತ್ತಿ ನಿಲ್ಲಿಸುವಾಗ ಯಾವ ತೊಲೆ ಯಾವ ಕಂಬಕ್ಕೆಂದು ತಿಳಿಯಲು ಹಾಕಿದ ಗುರುತುಗಳು ಅವು. ಕೆಲವು ಕಣಜಗಳ ಗೋಡೆಯ ನೆತ್ತಿಯಲ್ಲಿ ಗೂಬೆ ಒಳಬರಲು ಕಿಂಡಿ ಬಿಟ್ಟಿರುತ್ತಾರೆ. ಇಲಿಗಳಿಂದ ಧಾನ್ಯವನ್ನು ಕಾಯುವ ಹೊಣೆ ಆ ಹಕ್ಕಿಯದು. ಎಷ್ಟೋ ತೊಲೆಗಳು ಅಮೆರಿಕದ ಚೆಸ್ಟ್‌ನಟ್ ಮರದವು. ೧೯೦೪ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕಂಡುಬಂದ ಒಂದು ಬೂಷ್ಟುರೋಗದಿಂದ ಆ ಜಾತಿಯ ಕೋಟ್ಯಂತರ ಮರಗಳು ಅರ್ಧ ಶತಮಾನದೊಳಗೆ ಸತ್ತುಹೋದವು. ಬೇರಿನಿಂದ ಚಿಗುರು ಈಗಲೂ ಏಳುತ್ತದಾದರೂ ಅದು ಹೆಮ್ಮರವಾಗುವ ಮೊದಲೇ ರೋಗ ತಗಲುತ್ತದೆ. ಆದುದರಿಂದ ಆ ಕಾಡಿನ ಗಾತ್ರವನ್ನು ನೋಡಬಯಸುವವನು ಈಗ ಕಣಜಕ್ಕೆ ಬರಬೇಕಾಗಿದೆ.

ಇಂಥ ತೊಲೆಯನ್ನು ಒಬ್ಬ ಮನುಷ್ಯ ಎತ್ತಲಾರ, ಒಂದು ಸಂಸಾರವೂ ಎತ್ತಲಾರದು. ನನ್ನ ವಿಚಾರವೆಲ್ಲ ಬಂದು ನಿಲ್ಲುವುದು ಈ ಸರಳವಾದ ಸಂಗತಿಯಲ್ಲಿ. ತಳಪಾಯವನ್ನು ಮನೆಯವರು ಮೊದಲೇ ಸಿದ್ಧಮಾಡಿರುತ್ತಾರೆ. ಅನುಭವಿಯಾದ ಮೇಸ್ತ್ರಿಯೊಬ್ಬನು ಮರವನ್ನು ಅಳತೆಗೆ ತಕ್ಕಂತೆ ಕೊಯ್ಯಿಸಿರುತ್ತಾನೆ. ಗೊತ್ತಾದ ದಿನ ಬೆಳಕು ಹರಿಯುವ ಹೊತ್ತಿಗೆ ಸುತ್ತಿನ ಒಕ್ಕಲುಗಳಿಂದ ನೂರಾರು ಜನ ಬಂದು ಕೂಡುತ್ತಾರೆ. ಮೇಸ್ತ್ರಿಯ ಕೂಗಿಗೆ ಸರಿಯಾಗಿ ಎಲ್ಲರ ತೋಳೂ ಒಮ್ಮೆಗೇ ಏಳುತ್ತವೆ. ನೆಲದ ಮೇಲಿದ್ದ ಚೌಕಟ್ಟು ನೆಟ್ಟಗೆ ನಿಲ್ಲುತ್ತದೆ. ಸಂಜೆಯ ವೇಳೆಗೆ ಚಾವಣಿಯೂ ಬಹುಮಟ್ಟಿಗೆ ಮುಗಿದಿರುತ್ತದೆ. ಹೆಂಗಸರು ಅಷ್ಟು ಜನಕ್ಕೂ ಅಡುಗೆಮಾಡಿ ಬಡಿಸುತ್ತಾರೆ. ಕೂಲಿಯ ಮಾತಿಲ್ಲ, ನಾಳೆ ಇನ್ನೊಬ್ಬನ ಕಣಜಕ್ಕೆ ಹೋಗುವುದೇ ಕೂಲಿ. ಹಿಂದೆ ಅಲ್ಲಿನ ಹಳ್ಳಿಗಾಡಿನಲ್ಲೆಲ್ಲ ಸಾಮಾನ್ಯವಾಗಿದ್ದ ಈ ಪದ್ಧತಿಯನ್ನು ಮುಖ್ಯವಾಗಿ ಅಮಿಶ್ ಪಂಗಡದವರೂ, ಅವರಿಗೆ ಸಮೀಪದವರಾದ ಸನಾತನ ಮೆನ್ನೊನೈಟರೂ ಇಂದಿಗೂ ಉಳಿಸಿಕೊಂಡಿದ್ದಾರೆ. ಅಮಿಶ್ ಜನ ಸಾಮಾನ್ಯವಾಗಿ ವಿಮಾ ಸಂಸ್ಥೆಗಳಿಗೆ ಹಣ ಕಟ್ಟುವುದಿಲ್ಲ. ಒಬ್ಬನ ಕಣಜ ಸುಟ್ಟರೆ ಉಳಿದವರು ತಮ್ಮ ತಮ್ಮ ಶಕ್ತಿಗೆ ಅನುಸಾರವಾಗಿ ಹಣವನ್ನೂ ದಿನಗಳನ್ನೂ ಕೊಡುತ್ತಾರೆ.

ಕಣಜ ಸುಡುವುದು ಅವರ ಇತಿಹಾಸದಲ್ಲಿ ಬರಿಯ ಆಕಸ್ಮಿಕವಾಗಿ ಉಳಿದಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ೧೮೬೪ರ ಶರತ್ಕಾಲದಲ್ಲಿ, ಉತ್ತರದ ಸೇನಾಪತಿಯಾದ ಷೆರಿಡನ್, ದಕ್ಷಿಣದ ಸೈನ್ಯಕ್ಕೆ ಆಹಾರ ಸಿಕ್ಕದಂತೆ ಮಾಡಲೆಂದು ವರ್ಜೀನಿಯಾದ ಷೆನಂಡೋವಾ ಕಣಿವೆಯನ್ನು ಸುಡಿಸಿದನು. ಗೋಧಿ, ಹುಲ್ಲು, ಬೇಸಾಯದ ಉಪಕರಣಗಳಿಂದ ತುಂಬಿದ್ದ ೨,೦೦೦ಕ್ಕೂ ಹೆಚ್ಚು ಕಣಜಗಳನ್ನು ನಾಶಮಾಡಿದೆನೆಂದು ಅಕ್ಟೋಬರ್ ೭ರ ವರದಿಯಲ್ಲಿ ಅವನೇ ಬರೆದಿದ್ದಾನೆ. ಆ ಕಣಿವೆಯಲ್ಲಿ ಯುದ್ಧವನ್ನೂ ಗುಲಾಮಗಿರಿಯನ್ನೂ ಒಪ್ಪದ ಮೆನ್ನೊನೈಟರೂ ಡಂಕರ್ ಪಂಗಡದವರೂ ಬಹಳ ಮಂದಿ ನೆಲಸಿದ್ದರು. ಆಯುಧ ಹಿಡಿಯದವನ ಕಣಜವನ್ನು ಬೆಂಕಿ ಬೇರೆಯಾಗಿ ನೋಡಲಿಲ್ಲ. ನಮ್ಮ ಕಾಲಕ್ಕೆ ಹತ್ತಿರವಾದ ೧೯೯೨ರ ಮಾರ್ಚ್ ತಿಂಗಳಲ್ಲಿ, ಪೆನ್ಸಿಲ್ವೇನಿಯಾದ ಬಿಗ್ ವ್ಯಾಲಿ ಎಂಬ ಕಣಿವೆಯಲ್ಲಿ ಅಮಿಶ್ ಜನರ ಹಲವು ಕಣಜಗಳಿಗೆ ಒಂದೇ ರಾತ್ರಿಯಲ್ಲಿ ಬೆಂಕಿಯಿಡಲಾಯಿತು. ಕಟ್ಟಿದ್ದ ದನಕುದುರೆಗಳು ಒಳಗೇ ಸುಟ್ಟುಹೋದವು. ಊರೂರುಗಳಿಂದ ಜನ ಬಂದು ಕೆಲವೇ ವಾರಗಳಲ್ಲಿ ಅವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಬೆಂಕಿಯಿಟ್ಟವನನ್ನು ಕ್ಷಮಿಸಿದೆವೆಂದು ಕಳೆದುಕೊಂಡವರು ಹೇಳಿದರು.

ಆ ಜನ ಧನಿಕನ ದೃಷ್ಟಾಂತವನ್ನು ಓದಿದ ರೀತಿ ಇಲ್ಲಿ ನನಗೆ ಕಾಣುತ್ತದೆ. ಧನಿಕನು ತನ್ನ ಕಣಜವನ್ನೇ ನಂಬಿದನು. ಅವರಾದರೋ ಕಣಜ ಸುಟ್ಟ ಮರುದಿನ ಹಾರೆ ಗರಗಸಗಳೊಡನೆ ಬರುವ ನೆರೆಯವರನ್ನೂ, ಆ ನೆರೆಯವರ ಮನಸ್ಸಿನಲ್ಲಿ ನೆಲಸಿ ಅವರನ್ನು ಕಳುಹಿಸುವ ದೇವರನ್ನೂ ನಂಬಿದರು. ಅಂಥವನ ಬೀಜಧಾನ್ಯ ಪೆಟ್ಟಿಗೆಯಲ್ಲಿರಬಹುದು, ಆದರೆ ಅವನ ಭದ್ರತೆ ಪೆಟ್ಟಿಗೆಯಲ್ಲಿಲ್ಲ. ನನ್ನದೆಂದು ಅವನು ಹೇಳುವ ಕಟ್ಟಡದ ಒಂದೊಂದು ತೊಲೆಯೂ ಇನ್ನೊಬ್ಬರ ತೋಳಿನ ಋಣ; ತೀರಿಸಿ ಮುಗಿಸುವ ಋಣವಲ್ಲ ಅದು, ಸರದಿಯ ಮೇಲೆ ಹೊರುವ ಋಣ.

ಈ ಬಾಳಿಗೆ ತೆರಬೇಕಾದ ಬೆಲೆ ಇಲ್ಲದೆ ಇಲ್ಲ, ಮತ್ತು ಅದನ್ನು ಮುಚ್ಚಿಡುವುದು ಸರಿಯಲ್ಲ. ದೀಕ್ಷಾಸ್ನಾನ ಪಡೆದ ಮೇಲೆ ಪಂಗಡವನ್ನು ಬಿಟ್ಟುಹೋದವನೊಡನೆ ಪಂಕ್ತಿಭೋಜನ, ಕೊಡುಕೊಳೆ ಇವುಗಳನ್ನು ನಿಲ್ಲಿಸುವ ಬಹಿಷ್ಕಾರ ಅಮಿಶ್ ಜನರಲ್ಲಿದೆ. ಎಲ್ಲರ ತೋಳೂ ತನಗೆ ದೊರೆಯುವ ಊರಿನಲ್ಲಿ ಎಲ್ಲರ ಕಣ್ಣೂ ತನ್ನ ಮೇಲಿರುತ್ತದೆ. ಬೇರೆಯಾಗಿ ಚಿಂತಿಸುವ ತರುಣನಿಗೂ ತರುಣಿಗೂ ಇದು ಅತ್ಯಂತ ನೋವಿನ ಆಯ್ಕೆ. ಮನೆಮಂದಿಯನ್ನು ಕಳೆದುಕೊಂಡು ಹೊರಟವರ ದುಃಖವನ್ನು ಕಣಜದ ಚೆಲುವಿನಿಂದ ಮರೆಸಲಾಗದು. ಆ ಕಾಠಿಣ್ಯವಿಲ್ಲದೆ ಆ ಬಾಂಧವ್ಯ ನಿಲ್ಲಬಲ್ಲುದೆ? ನಿಲ್ಲಬೇಕೆಂದು ನನ್ನ ಹೃದಯ ಹೇಳುತ್ತದೆ. ನಿಂತ ಉದಾಹರಣೆಗಳು ವಿರಳ. ಕಠಿಣವ್ರತದ ಬಾಂಧವ್ಯವೂ ನಿಂತೇ ತೀರುವುದೆಂದಿಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದ ಹ್ಯಾನ್‌ಕಾಕಿನಲ್ಲಿ ಷೇಕರ್ ಪಂಥದವರು ೧೮೨೬ರಲ್ಲಿ ಕಟ್ಟಿದ, ಗುಂಡಾಕಾರದ ಕಲ್ಲಿನ ಕಣಜವೊಂದಿದೆ. ನಡುವೆ ಹುಲ್ಲಿನ ರಾಶಿ, ಸುತ್ತಲೂ ಅದರ ಕಡೆಗೆ ಮುಖಮಾಡಿ ನಿಲ್ಲುವ ಹಸುಗಳು. ಅಲ್ಲಿ ಆಸ್ತಿಯೆಲ್ಲ ಸಮುದಾಯದ್ದು, ಎಲ್ಲರೂ ಬ್ರಹ್ಮಚರ್ಯವ್ರತದವರು. ವ್ರತವೇನೋ ಉನ್ನತವಾದುದು, ಆದರೆ ಕಣಜವನ್ನು ಒಪ್ಪಿಸಿಹೋಗಲು ಮಕ್ಕಳಿರಲಿಲ್ಲ. ಹೊರಗಿನಿಂದ ಬಂದು ಸೇರುವವರೂ ಕಡಮೆಯಾಗಿ, ೧೯೬೦ರಲ್ಲಿ ಆ ಸಮುದಾಯ ಮುಗಿದು ಊರು ವಸ್ತುಸಂಗ್ರಹಾಲಯವಾಯಿತು.

ಅಮಿಶ್ ಜನರಿಗೆ ಚರ್ಚಿನ ಕಟ್ಟಡವಿಲ್ಲ. ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತಾರೆ. ಮನೆ ಸಾಲದಿದ್ದರೆ ಕಣಜದಲ್ಲಿ. ಬೆಂಚುಗಳನ್ನು ತುಂಬಿದ ಬಂಡಿ ಒಂದು ಒಕ್ಕಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಹದಿನಾರನೆಯ ಶತಮಾನದ ಆಸ್‌ಬುಂಡ್ ಎಂಬ ಸಂಗ್ರಹದ ಕೀರ್ತನೆಗಳನ್ನು ಅವರು ಅತಿ ವಿಲಂಬಿತವಾಗಿ ಹಾಡುತ್ತಾರೆ. ಅವುಗಳಲ್ಲಿ ಹಲವು ಪಸ್ಸಾವ್ ಕೋಟೆಯ ಸೆರೆಯಲ್ಲಿದ್ದ ಅವರ ಮತದ ಪೂರ್ವಿಕರು ಬರೆದವು. ಪ್ರಾಯಕ್ಕೆ ಬಂದ ಮೇಲೆ ಸ್ವಂತ ಸಂಕಲ್ಪದಿಂದ ಪಡೆದ ದೀಕ್ಷಾಸ್ನಾನವೇ ಸಲ್ಲುವುದೆಂದ ಅಪರಾಧಕ್ಕಾಗಿ ಸ್ವಿಟ್ಜರ್ಲೆಂಡಿನಲ್ಲಿ ಅವರನ್ನು ಬೇಟೆಯಾಡಿದಾಗ, ಗುಹೆಗಳಲ್ಲಿಯೂ ಕಾಡುಗಳಲ್ಲಿಯೂ ಕಣಜಗಳಲ್ಲಿಯೂ ಗುಟ್ಟಾಗಿ ಕೂಡಿ ಪ್ರಾರ್ಥಿಸಿದ ಜನ ಅವರು. ಎಮ್ಮೆಂಟಾಲಿನ ಟ್ರೂಬ್ ಗ್ರಾಮದ ಒಂದು ಹಳೆಯ ಒಕ್ಕಲಿನಲ್ಲಿ ಅಂಥ ಅಡಗುದಾಣವನ್ನು ಈಗಲೂ ತೋರಿಸುತ್ತಾರೆ. ಅಂಥವರಿಗೆ ದೇವರ ಮನೆ ಬೇರೆ, ಧಾನ್ಯದ ಮನೆ ಬೇರೆ ಎಂಬ ಭೇದ ಅವಶ್ಯಕವೆಂದು ತೋರಲಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ಅಮಿಶರಲ್ಲದ ಉಳಿದ ಒಕ್ಕಲುಗಳ ಕಣಜಗಳಲ್ಲಿ ಬಹುಪಾಲು ಈಗ ಬರಿದಾಗಿವೆ. ಕೊಯ್ಲು ಒಕ್ಕಣೆಗಳೆರಡನ್ನೂ ಹೊಲದಲ್ಲೇ ಮುಗಿಸುವ ಯಂತ್ರ ಬಂದ ಮೇಲೆ ಕಣಕ್ಕೆ ಕೆಲಸವಿಲ್ಲ. ಆ ಯಂತ್ರ ಹಳೆಯ ಬಾಗಿಲಿನಲ್ಲಿ ಹಿಡಿಯುವುದೂ ಇಲ್ಲ. ಧಾನ್ಯ ಉಕ್ಕಿನ ಕಣಜಗಳಿಗೆ ಹೋಗುತ್ತದೆ. ಕೆಲವನ್ನು ಮದುವೆಯ ಮಂಟಪಗಳನ್ನಾಗಿ ಮಾಡಿದ್ದಾರೆ. ಕೆಲವನ್ನು ಬಿಚ್ಚಿ ತೊಲೆ ಹಲಗೆಗಳನ್ನು ಪಟ್ಟಣದ ಹೊಸ ಮನೆಗಳ ಅಲಂಕಾರಕ್ಕೆ ಮಾರುತ್ತಾರೆ. ಕೆಲವು ಚಾವಣಿ ಸೋರಿ ತಾವಾಗಿ ಕುಸಿಯುತ್ತಿವೆ. ಇವನ್ನು ಕಾಪಾಡಲು ಶ್ರಮಿಸುವವರ ಬಗ್ಗೆ ನನಗೆ ಪೂರ್ಣವಾದ ಆದರವಿದೆ, ಮತ್ತು ಮದುವೆಯ ಮಂಟಪವಾಗಿಯಾದರೂ ಒಂದು ಕಣಜ ನಿಂತಿರುವುದು ಮೇಲೆಂದೇ ನಾನು ಎಣಿಸುತ್ತೇನೆ. ಆದರೆ ಕಟ್ಟಡ ಉಳಿದು ಅದನ್ನು ಎತ್ತುವ ಬಳಕೆ ಅಳಿದರೆ, ನೋಡಲು ಬಂದವನಿಗೆ ಧನಿಕನ ಕಣಜಕ್ಕೂ ಈ ಕಣಜಕ್ಕೂ ಭೇದವನ್ನು ತೋರಿಸಿಕೊಡುವ ಗುರುತು ಗೋಡೆಯಲ್ಲೆಲ್ಲೂ ಇರುವುದಿಲ್ಲ. ಈಗ ಆ ಪ್ರಾಂತದಲ್ಲಿ ಬೇರೆ ಮತದವರ ಹಳೆಯ ಕಣಜ ವಾಲಿದಾಗ ಅದನ್ನು ನೆಟ್ಟಗೆ ಮಾಡಲು ಅನೇಕ ವೇಳೆ ಕರೆಸುವುದು ಅಮಿಶ್ ಬಡಗಿಗಳನ್ನೇ. ಅವರು ಕೂಲಿಗೆ ಬರುತ್ತಾರೆ. ಕೆಟ್ಟ ತೊಲೆಯನ್ನು ತೆಗೆದು ಹೊಸದನ್ನು ಹಳೆಯ ಕಂಡಿಗೆ ಕೂರಿಸಿ, ಬೆಣೆ ಬಡಿದು, ಅವಧಿಗೆ ಮುಂಚೆಯೇ ಕೆಲಸ ಮುಗಿಸಿ ಹೋಗುತ್ತಾರೆ. ಅವರ ಸ್ವಂತ ಊರಿನಲ್ಲಿ ಅದೇ ಕೆಲಸಕ್ಕೆ ಕೂಲಿಯಿಲ್ಲ.